ಮೂರು ಚುಕ್ಕಿ

ತೋರ್ಶಾವ್ನ್‌ನ ನರ್ಸಿಂಗ್ ವಿಭಾಗ, ಎರಡನೇ ಮಹಡಿ.
ಕಿಟಕಿಯಾಚೆ ಬಂದರು; ಹಗಲು ಮೂರಕ್ಕೇ
ದೀಪ ಹೊತ್ತಿಸಿಕೊಂಡ ಜನವರಿ.
ಒಳಗೆ ನಾವು ಒಂಬತ್ತು ಜನ, ಒಬ್ಬೊಬ್ಬರಿಗೆ ಒಂದೊಂದು ಪರದೆ,
ಪರದೆಯೊಳಗೊಬ್ಬ ರೋಗಿ.

ನನ್ನ ರೋಗಿಯ ಹೆಸರು ಮಾರ್ನರ್. ವಯಸ್ಸು ಅರವತ್ತೆಂಟು.
ನಲವತ್ತು ವರ್ಷ ಕಾಡ್ ಮೀನಿನ ಹಿಂದೆ ಅಲೆದವನು,
ಹಾಗಂತ ಮೇಲೆ ಬರೆದಿತ್ತು.
"ಎಲ್ಲಿ ನೋವು?" ಎಂದು ಟೈಪ್ ಮಾಡಿದೆ.
ಕೇಳಿದ್ದೇ ತಡ, ಅರಳು ಹುರಿದ ಹಾಗೆ ಶುರು:
ಎದೆಯ ನಡುವೆ, ಒತ್ತಿದಂತೆ, ಹತ್ತರಲ್ಲಿ ಏಳರಷ್ಟು,
ಮೆಟ್ಟಿಲು ಹತ್ತಿದರೆ ಹೆಚ್ಚು, ಕೂತರೆ ಕಡಿಮೆ,
ಎಡ ಭುಜಕ್ಕೆ ಹರಿಯುತ್ತದೆ, ಬೆವರುತ್ತೇನೆ,
ಕೇಳಿದ್ದಕ್ಕೆ ತುಂಬಾ ಧನ್ಯವಾದ, ಸಿಸ್ಟರ್.
ಪಠ್ಯದ ಹನ್ನೊಂದನೇ ಅಧ್ಯಾಯ
ಗಂಡಸಿನ ವೇಷ ಹಾಕಿ ಕೂತಿತ್ತು.

ಭಾಷೆಯೂ ಅಷ್ಟೆ. ನಮ್ಮ ಫಾರೋಯೀ ಮಾತಿನ ನಡುವೆ
ಐಸ್‌ಲ್ಯಾಂಡಿನ ಒಂದೊಂದು ಶಬ್ದ,
ಅನ್ನದಲ್ಲಿ ಕಲ್ಲು ಸಿಕ್ಕಂತೆ.
ನಾನು ಅಗಿಯುತ್ತ ಹೋದೆ. ಅಂಕ ಬಂತು: ತೊಂಬತ್ತನಾಲ್ಕು.
"ಸಹಾನುಭೂತಿ: ಅತ್ಯುತ್ತಮ" ಅಂತ ಹಸಿರಕ್ಷರ.

ಬೆನ್ನ ಹಿಂದೆ ಬಂದು ನಿಂತವಳು ಯೋರುನ್.
ಕ್ಲಾಕ್ಸ್‌ವೀಕ್ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ
ರಾತ್ರಿಪಾಳಿ ಸವೆಸಿ ಪಾಠಕ್ಕೆ ಬಂದವಳು.
"ಬಾರ್ಬಾ, ಇವನು ಯಾವ ಊರಿನವ?"
"ನೋಲ್ಸೋಯ್ ಅಂತಿದೆ."
"ನೋಲ್ಸೋಯಿಯ ಗಂಡಸು ತನ್ನ ನೋವಿಗೆ ಅಂಕ ಕೊಟ್ಟದ್ದನ್ನು
ಇವತ್ತೇ ಕಂಡೆ ನೋಡು."

ಪಕ್ಕಕ್ಕೆ ಕೂತು ಒಂದೇ ಬೆರಳಲ್ಲಿ ಕುಟ್ಟಿದಳು:
ನೀನು ಅಷ್ಟು ಮಾತಾಡುವವನಲ್ಲ. ಕಡಿಮೆ ಹೇಳು.
ರೋಗಿ ಒಪ್ಪಿಕೊಂಡ. ಕಡಿಮೆ ಹೇಳುವುದು ಏಕೆ ಮುಖ್ಯ ಎಂದು
ನಾಲ್ಕು ಸಾಲಿನಲ್ಲಿ ವಿವರಿಸಿದ.
ನಿನಗೆ ಬರಲು ಮನಸ್ಸಿರಲಿಲ್ಲ. ಹೆಂಡತಿ ಎಳೆತಂದಳು.
"ನನಗೆ ಬರಲು ಮನಸ್ಸಿರಲಿಲ್ಲ, ಹೆಂಡತಿ ಎಳೆತಂದಳು" ಎಂದ,
ಗಿಳಿಗೂ ಇರದ ವಿನಯದಲ್ಲಿ.
ಸುಮ್ಮನಿರು. ಕಿಟಕಿಯ ಕಡೆ ನೋಡು.
ಮೂರು ಚುಕ್ಕಿ ಕುಣಿದವು, ಒಂದರ ಹಿಂದೊಂದು.
ಆಮೇಲೆ ಕಂಸದೊಳಗೆ, ಓರೆ ಅಕ್ಷರದಲ್ಲಿ:
ಮಾರ್ನರ್ ಮೌನವಾಗಿ ಕಿಟಕಿಯ ಕಡೆ ನೋಡುತ್ತಾನೆ.
ಅಷ್ಟಕ್ಕೂ ಅರ್ಧ ಸೆಕೆಂಡು ಹಿಡಿಯಲಿಲ್ಲ.

ನಾವು ನಕ್ಕೆವು. ಅವಳೂ ನಕ್ಕಳು.
"ಪಾಪ, ಸುಮ್ಮನಿರಲಿಕ್ಕೂ ಬರೆಯಬೇಕು ಇದು."

ಬೈಯಲಿಲ್ಲ. ಯಂತ್ರದ ಮೇಲೆ ಅವಳಿಗೆ ಸಿಟ್ಟೇನಿಲ್ಲ.
ಔಷಧದ ಪ್ರಮಾಣದ ಲೆಕ್ಕ ನಾನು ಕಲಿತದ್ದೇ ಅದರ ಹತ್ತಿರ,
ರಾತ್ರಿ ಎರಡಕ್ಕೆ, ಹನ್ನೆರಡು ಸಲ ತಪ್ಪಿ;
ಹದಿಮೂರನೆಯದಕ್ಕೂ ಬೇಸರಿಸದೆ ಹೇಳಿಕೊಟ್ಟಿತ್ತು.
ಅಷ್ಟು ತಾಳ್ಮೆ ಯೋರುನ್‌ಗಿಲ್ಲ. ಅವಳೇ ಹೇಳುತ್ತಾಳೆ.

ಲ್ಯಾಪ್‌ಟಾಪ್ ಮಡಿಸಿ ಪಕ್ಕಕ್ಕಿಟ್ಟಳು.
ಕುರ್ಚಿ ತಿರುಗಿಸಿ ಕೂತಳು. "ಈಗ ಮಾರ್ನರ್ ನಾನು. ಕೇಳು."

ಎಲ್ಲಿ ನೋವು?
ಅವಳು ಬಂದರಿನ ಕಡೆ ನೋಡಿದಳು.
ಯಾವಾಗಿನಿಂದ?
ನೋಲ್ಸೋಯಿಯ ದೋಣಿ ದಡ ಮುಟ್ಟುತ್ತಿತ್ತು;
ಹಗ್ಗ ಎಸೆದವನ ಗುರುತು ಹಿಡಿಯುವವಳಂತೆ ಕಣ್ಣು ಕಿರಿದು ಮಾಡಿದಳು.
"ಗಾಳಿ ತಿರುಗಿತು" ಎಂದಳು. ಅಷ್ಟೆ.

ಮುಂದಿನ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು, ನುಂಗಿದೆ.
ಗೋಡೆ ಗಡಿಯಾರದ ಸದ್ದು ಅಲ್ಲಿಯವರೆಗೆ ಎಲ್ಲಿತ್ತೋ.
ಹೀಟರಿನ ಕೊಳವೆ ಒಂದು ಸಲ ಕೆಮ್ಮಿತು.
ಉಳಿದ ಎಂಟು ಪರದೆ, ಮುಟ್ಟುವವರಿಲ್ಲದೆ,
ಒಂದೊಂದಾಗಿ ತಾವೇ ಕಪ್ಪಾದವು.
ಅವಳ ಬಲಗೈ ಎಡ ಮಣಿಕಟ್ಟನ್ನು ಹಿಡಿದುಕೊಂಡಿತ್ತು.
ಯಾವಾಗ ಹಿಡಿಯಿತೋ, ನಾನು ನೋಡಿರಲಿಲ್ಲ.
ಎರಡು ನಿಮಿಷವಾಯಿತು. ಮೂರೂ ಆಯಿತೇನೋ.

"ಏನಿಲ್ಲ" ಎಂದಳು, ನನ್ನ ಕಡೆ ತಿರುಗದೆ.
"ಈ ಕೈ. ಬೆಳಿಗ್ಗೆಯಿಂದ ಸ್ವಲ್ಪ ಭಾರ."

ಮಾರ್ನರ್‌ನ ದನಿಯಲ್ಲಿ ಹೇಳಿದಳೋ, ತನ್ನದರಲ್ಲೋ.
ಈ ಸಲ ಯಾರೂ ನಗಲಿಲ್ಲ.
ಎದ್ದು ಹೋಗಿ ಅವಳ ಕೈ ಎತ್ತಿಕೊಂಡೆ,
ನಾಡಿ ಹುಡುಕಿ ಎಣಿಸತೊಡಗಿದೆ.

ಅವಳು ಕೈ ಎಳೆದುಕೊಳ್ಳಲಿಲ್ಲ.