ಎಡಸುಳಿ

ಹತ್ತು ನಿಮಿಷಕ್ಕೆ ಸಾವಿರದ ನಾನೂರು ಯೆನ್.
ನಿಮಿಷಕ್ಕೆ ನೂರ ನಲವತ್ತು.
ತೊಕುಶಿಮಾ ನಿಲ್ದಾಣದ ಕೆಳಮಹಡಿಯಲ್ಲಿ
ಬಾಗಿಲ ಬಳಿಯ ಯಂತ್ರಕ್ಕೆ ನೋಟು ಉಣಿಸಿ
ಚೀಟಿ ಹರಿದುಕೊಂಡು ಬೆಂಚಿನ ಮೇಲೆ ಕೂತು
ಈ ಲೆಕ್ಕ ಮಾಡಿದೆ. ರೈಲಿನ ದುಡ್ಡು ಸೇರಿಸಿಲ್ಲ.

ಕುವಾಜಿಮಾ ಇದ್ದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ.
ದೋಣಿಗಟ್ಟೆಯ ಎದುರೇ ಅವನಂಗಡಿ. ನಾಲ್ಕು ಸಾವಿರ.
ಒಂದು ಗಂಟೆ. ಬಿಸಿ ಟವೆಲ್ಲು, ಕುತ್ತಿಗೆಗೆ ಸೋಪಿನ ನೊರೆ,
ಕಿವಿಯಂಚಿಗೂ ಕತ್ತಿ,
ಕೊನೆಗೆ ಹೆಗಲಿಗೆರಡು ಗುದ್ದು,
ಬೇಡವೆಂದರೂ ಬೇಸ್‌ಬಾಲ್.
ಮೊಣಕಾಲು ಕೈಕೊಟ್ಟು ಏಪ್ರಿಲ್‌ನಲ್ಲಿ ಅಂಗಡಿ ಮಾರಿದ.
ಈಗಲ್ಲಿ ಸಿಹಿಗೆಣಸಿನ ಐಸ್‌ಕ್ರೀಮ್.

ನನ್ನ ಸರದಿ. ಹುಡುಗಿ ಕನ್ನಡಿಯನ್ನೇ ಬಾಗಿಲಿನಂತೆ ತೆರೆದಳು.
ಒಳಗೆ ಕಪಾಟು. ಚೀಲ, ಟೋಪಿ, ದೋಣಿ ಕಂಪನಿಯ ಜಾಕೆಟ್ಟು
ಎಲ್ಲ ಅದರೊಳಗೆ ಹೋಗಿ, ಕನ್ನಡಿ ಮುಚ್ಚಿ,
ಎದುರಿಗೆ ನಾನೊಬ್ಬನೇ ಉಳಿದೆ.
ಕನ್ನಡಿಯ ಗಂಟು ಅಂದರೆ ಇದೇ ಇರಬೇಕು:
ನಿಜವಾಗಿಯೂ ಅಲ್ಲೇ ಇದೆ,
ಹತ್ತು ನಿಮಿಷ ಕೈಗೆಟಕುವುದಿಲ್ಲ.

ಎದೆಯ ಬಿಲ್ಲೆಯಲ್ಲಿ ಅನಾಬುಕಿ ಎಂದಿತ್ತು.
"ಎಷ್ಟು ಸೆಂಟಿಮೀಟರ್?"
ಕುವಾಜಿಮಾ ಯಾವತ್ತೂ ಕೇಳದ ಪ್ರಶ್ನೆ.
ಎರಡು ಬೆರಳು ಅಗಲಿಸಿ ತೋರಿಸಿದೆ,
ತಪ್ಪಿಸಿಕೊಂಡ ಮೀನನ್ನು ತೋರಿಸುವವರ ಹಾಗೆ;
ಅವಳು ಅರ್ಧ ನಂಬಿದಳು.

ನೀರು ಚಿಮುಕಿಸುವುದಿಲ್ಲ. ಮಾತಿಲ್ಲ.
ಕತ್ತರಿ, ಮಷೀನು, ಮತ್ತೆ ಕತ್ತರಿ.
ಬಿಳಿಗೂದಲು ಹೊದಿಕೆಯ ಮೇಲೆ ಜಾರಿ ಮಡಿಲಿಗೆ ಬಿತ್ತು.
ಕರಿಗೂದಲು? ಅದನ್ನು ಹುಡುಕಬೇಕು.

ಆರನೆಯ ನಿಮಿಷದಲ್ಲಿ ನೆತ್ತಿಯ ಮೇಲೆ ಬೆರಳು ನಿಂತಿತು.
"ನಿಮ್ಮ ಸುಳಿ ಎಡಕ್ಕೆ ತಿರುಗಿದೆ" ಎಂದಳು.
ಎಡಸುಳಿಯವರು ಹಟಮಾರಿಗಳೆಂದು ನಮ್ಮಜ್ಜಿ ಹೇಳುತ್ತಿದ್ದಳು.
ಕುವಾಜಿಮಾ ಇಷ್ಟು ವರ್ಷ ಸುಳಿಯ ಮಾತೆತ್ತಿರಲಿಲ್ಲ;
ಹಟಮಾರಿ ಎಂದು ಮಾತ್ರ ಹೇಳಿದ್ದ.

ಸುಳಿಯೇ ನನ್ನ ಹೊಟ್ಟೆಪಾಡು.
ನರುತೊ ಜಲಸಂಧಿಯಲ್ಲಿ, ಎರಡು ಕಡಲು ಹೆಗಲುಜ್ಜುವ ಹೊತ್ತಿಗೆ,
ಜನರನ್ನು ದೋಣಿ ತುಂಬಾ ಒಯ್ದು
"ಬಲಗಡೆ ನೋಡಿ, ಬಲಗಡೆ" ಎಂದು
ಮೈಕಿನಲ್ಲಿ ಕೂಗುವವನು ನಾನು.
ಕೆಲವು ದಿನ ನೀರು ಬಾಯ್ದೆರೆದು ಗಿರಗಿರನೆ ತಿರುಗುತ್ತದೆ,
ಮಕ್ಕಳು ಅಪ್ಪಂದಿರ ತೊಡೆ ಹಿಡಿಯುತ್ತಾರೆ.
ಕೆಲವು ದಿನ ಬರೀ ನೊರೆ, ಅಕ್ಕಿ ತೊಳೆದ ನೀರಿನಂತೆ.
ಅಂಥ ದಿನ ಇಳಿಯುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ:
ಇಷ್ಟಕ್ಕೆ ಎರಡು ಸಾವಿರವೇ? ನುಣ್ಣಗೆ ತಲೆ ಬೋಳಿಸಿದಿರಲ್ಲ!
ನಾನು ಟೋಪಿ ತೆಗೆದು ಬಾಗುತ್ತೇನೆ.
ಸೊಂಟ ಮೂವತ್ತು ಡಿಗ್ರಿ; ಕಂಪನಿ ಕಲಿಸಿದ್ದು.
ದುಡ್ಡು ವಾಪಸು ಕೊಡುವ ನಿಯಮವಿಲ್ಲ.
ಹಾಗೆ ಬಾಗಿದಾಗಲೆಲ್ಲ ಅವರ ಕಣ್ಣೆದುರಿಗಿದ್ದದ್ದು
ಇದೇ ಎಡಸುಳಿ, ಇಪ್ಪತ್ತಾರು ವರ್ಷ,
ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸೂರಿನಿಂದ ಇಳಿಬಿದ್ದ ಕೊಳವೆಯನ್ನೆಳೆದು ನೆತ್ತಿಗಿಟ್ಟಳು.
ಕೂದಲ ಚೂರು, ಕಿವಿಯ ಬಿಸಿ,
ಕೇಳಬೇಕೆಂದಿದ್ದ ಒಂದು ಮಾತು,
ಎಲ್ಲ ಸುಯ್ಯೆಂದು ಮೇಲಕ್ಕೆ ಹೋದವು.
ಬಾಚಣಿಗೆ ನನಗೇ ಕೊಟ್ಟಳು, ಒಬ್ಬರಿಗೆ ಒಂದೇ ಅಂತೆ.
ಗೋಡೆಯ ಗಡಿಯಾರ: ಒಂಬತ್ತು ನಿಮಿಷ ಇಪ್ಪತ್ತು ಸೆಕೆಂಡು.
ಅಂದರೆ ತೊಂಬತ್ತಮೂರು ಯೆನ್ ಅವರ ಹತ್ತಿರವೇ ಉಳಿಯಿತು.

ರೈಲಿನ ಕಿಟಕಿಯಲ್ಲಿ ನೋಡಿಕೊಂಡೆ.
ಬಲಗಿವಿಯ ಮೇಲೆ ಒಂದು ಮೆಟ್ಟಿಲು ಬಿಟ್ಟಿದ್ದಾಳೆ.
ಕತ್ತು ತುರಿಸುತ್ತದೆ. ಸೋಪಿನ ವಾಸನೆಯಿಲ್ಲ.
ಚೆನ್ನಾಗಿದೆ ಎನ್ನಲಾರೆ.
ಇಕೆನೊತಾನಿ ದಾಟುವಾಗ ಮತ್ತೆ ಲೆಕ್ಕಕ್ಕೆ ಕೂತೆ:
ಹೋಗಿಬರುವ ಟಿಕೆಟ್ಟು, ಒಂದು ರಜೆ, ಆ ಮೆಟ್ಟಿಲು;
ಇನ್ನೊಂದು ಕಡೆ, ನೆತ್ತಿಯ ಮೇಲೆ
ಎರಡು ಸೆಕೆಂಡು ಸುಮ್ಮನೆ ನಿಂತ ಬೆರಳು.
ಕೂಡಿದೆ, ಕಳೆದೆ. ತಾಳೆಯಾಗಲಿಲ್ಲ.
ಕೈ ತಾನಾಗಿ ಬಾಚಣಿಗೆ ತೆಗೆದು
ಎಡಕ್ಕೆ ಬಾಚಿತು.

ನಾಳೆ ದೊಡ್ಡ ಉಬ್ಬರ, ಬೆಳಿಗ್ಗೆ ಹತ್ತೂ ಐವತ್ತಕ್ಕೆ.
ಟೋಪಿ ಸಡಿಲವಾಗಿದೆ.