ಖರ್ಜೂರದ ಬೀಜಗಳು

ಕೆಬಾರಿನ ಕಾಲುವೆಯ ಹೂಳೆತ್ತಿ ಬಂದ ಸಂಜೆ,
ಕಾಲಿನ ಕೆಸರು ಒಣಗಿ ಹಕ್ಕಳೆಯೇಳುವ ಹೊತ್ತಿಗೆ
ಮುದುಕ ಹಕಲ್ಯ ಚಾಪೆ ಹಾಸಿ
ಖರ್ಜೂರದ ಬೀಜ ಸುರಿಯುತ್ತಿದ್ದ.
ಅರಸರನ್ನು ಎಣಿಸಲು ಸೆರೆಯವರ ಬಳಿ
ಬೇರೆ ಮಣಿಯೆಲ್ಲಿ?

ಒಂದು ಬೀಜ, ಒಂದು ವರುಷ.
ಉಜ್ಜೀಯನ ಸಾಲು ಚಾಪೆಯಂಚು ದಾಟಿ
ಮಣ್ಣಿಗಿಳಿದು ಆಡಿನ ಗೂಟದವರೆಗೆ ಹೋಗುತ್ತಿತ್ತು.
ಆಮೋನನಿಗೆ ಎರಡೇ.
ಮೂರು ತಿಂಗಳಾಳಿದ ಯೆಹೋವಾಹಾಜನಿಗಾಗಿ
ಬೀಜವನ್ನು ಹಲ್ಲಿನಲ್ಲಿ ಕಡಿದು ನೋಡಿದ,
ಒಡೆಯಲಿಲ್ಲ, ಹಾಗೇ ಬಿಟ್ಟ.

"ಈಗ ಹೇಳಿ.
ಅಗಸರ ಹೊಲದ ದಾರಿಯಲ್ಲಿ
ಪ್ರವಾದಿ ಆಹಾಜನನ್ನು ತಡೆದು ನಿಲ್ಲಿಸಿ
ಕೂಸೊಂದು ಹುಟ್ಟುತ್ತದೆ ಅಂದನಲ್ಲ,
ಮೊಸರು ಜೇನು ಉಣ್ಣುವ ಕೂಸು,
ಯಾರದು?"

ನಾನು ಎದ್ದೆ. "ಹಿಜ್ಕೀಯ."
ಬಂಡೆ ಕೊರೆದು ಊರೊಳಗೆ ನೀರು ತಂದವನು,
ಅಶ್ಶೂರದ ದಂಡು ಬಾಗಿಲವರೆಗೆ ಬಂದು
ಬರಿಗೈಯಲ್ಲಿ ತಿರುಗಿದ್ದು ಅವನ ಕಾಲಕ್ಕೇ,
ಮತ್ತಾರಿದ್ದಾರು?

ಹಕಲ್ಯ ಇಪ್ಪತ್ತೈದು ಬೀಜ ಇಟ್ಟ,
ಪಟ್ಟಕ್ಕೆ ಬಂದಾಗ ಹಿಜ್ಕೀಯನ ವಯಸ್ಸು.
ಅಪ್ಪ ಆಳಿದ ಹದಿನಾರನ್ನು
ಅಂಗೈಯಿಂದ ಬದಿಗೆ ಸರಿಸಿದ.
ಒಂಬತ್ತು ಉಳಿದವು, ಅಂಟಂಟಾಗಿ.

"ಆಹಾಜ ಸಿಂಹಾಸನ ಹತ್ತಿದ ದಿನ ನಿನ್ನ ಹಿಜ್ಕೀಯ
ಅರಮನೆಯಂಗಳದಲ್ಲಿ ಕೋಲುಕುದುರೆ ಓಡಿಸುತ್ತಿದ್ದ, ಪೆಲಟ್ಯ.
ಒಂಬತ್ತರ ಹುಡುಗ ಇನ್ನೊಮ್ಮೆ ಹುಟ್ಟುವನೇ?"
ಎಲ್ಲರೂ ನಕ್ಕರು. ಕೂತೆ.

ಪ್ರವಾದಿಯ ಸ್ವಂತ ಮಗನೇ ಇರಬೇಕು ಅಂದ ಒಬ್ಬ.
ಇನ್ನೊಬ್ಬ ಕಾವಲಿನವನ ಬೆನ್ನು ನೋಡಿಕೊಂಡು
ದನಿ ತಗ್ಗಿಸಿದ:
"ಬಾಬೆಲಿನ ಅರಮನೆಯಲ್ಲಿ ಅಳತೆಯ ಎಣ್ಣೆಗೆ ಕೈಯೊಡ್ಡುವ
ನಮ್ಮರಸನಿಗೆ ಐವರು ಗಂಡುಮಕ್ಕಳಂತೆ,
ಅವರಲ್ಲೊಬ್ಬ?"

ಒಲೆಯ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದ ಯೆಮೀಮಾ
ತಿರುಗದೆಯೇ ಮಾತಾಡಿದಳು.

"ಮೊಸರು ಜೇನು ಅಂದರೆ ಹಬ್ಬವೆಂದುಕೊಂಡಿರಾ?
ಊರು ಬಿದ್ದ ಮೇಲೆ ಒಂದು ವರುಷ ಅಲ್ಲೇ ಇದ್ದೆ ನಾನು.
ನೇಗಿಲಿಲ್ಲ. ಹೂಡಲು ಗಂಡಸರಿಲ್ಲ.
ದ್ರಾಕ್ಷಿತೋಟದಲ್ಲಿ ಸೊಂಟದೆತ್ತರ ಮುಳ್ಳು,
ಮುಳ್ಳಿನ ಹೂವಿಗೆ ಜೇನುಹುಳ.
ಒಂದು ಹಸು, ಎರಡು ಕುರಿ.
ಮೇವು ಬೇಕಾದಷ್ಟು, ಉಣ್ಣುವ ಬಾಯಿ ಕಡಿಮೆ.
ಹಿಟ್ಟು ಕಾಣದ ನಾಲಿಗೆಗೆ
ಮೊಸರೇ, ಜೇನೇ, ಮತ್ತೆ ಮೊಸರೇ.

ಯಾರ ಕೂಸು, ಯಾರ ಕೂಸು ಅಂತೀರಿ.
ಅದು ಹೆಸರಲ್ಲವೋ, ಅಳತೆ!
ಹಾಲು ಬಿಡಿಸಲು ಮೊಲೆಗೆ ಕಹಿ ಸವರುತ್ತೇವೆ,
ಒಂದು ದಿನ ಕೂಸು ಬೇಡವೆಂದು ಮುಖ ತಿರುಗಿಸುತ್ತದೆ.
ಬಸಿರಿನಿಂದ ಆ ಬೇಡದವರೆಗೆ ಎಷ್ಟು ದಿನ?
ಅಷ್ಟರೊಳಗೆ ಆ ಇಬ್ಬರು ಅರಸರು ಇಲ್ಲ ಅಂದ, ಅಷ್ಟೆ.
ಹೆತ್ತವಳನ್ನು ಕೇಳಿದ್ದರೆ
ಬೀಜ ಹರಡುವುದು ತಪ್ಪುತ್ತಿತ್ತು."

ಹಕಲ್ಯ ಒಂಬತ್ತು ಬೀಜಗಳನ್ನೇ ನೋಡುತ್ತಿದ್ದ,
ಒಪ್ಪಿದನೋ ಇಲ್ಲವೋ.
ರೊಟ್ಟಿಯನ್ನಂತೂ ಬೇಡವೆನ್ನಲಿಲ್ಲ.
ಮರುದಿನ ಸಂಜೆ
ಮತ್ತದೇ ಚಾಪೆ, ಅದೇ ಪ್ರಶ್ನೆ.

ಇಬ್ಬರೂ ಈಗ ಕಾಲುವೆಯ ದಂಡೆಯ ಮಣ್ಣಲ್ಲಿ.

ಅರಾಮಿನ ರೆಚೀನ, ಎಫ್ರಾಯೀಮಿನ ಪೆಕಹ:
ಗಾಳಿಗೆ ಕಾಡು ನಡುಗಿದಂತೆ
ಒಂದು ಊರನ್ನೇ ನಡುಗಿಸಿದ ಹೆಸರುಗಳು.
ನಿನ್ನೆ ಓಣಿಯ ಹುಡುಗರನ್ನು ಕೇಳಿದೆ, ಯಾರಿವರು?
ಕತ್ತೆಗಳೇ ಅಜ್ಜ, ಮಾರಾಟಕ್ಕಿವೆಯೇ, ಅಂದನೊಬ್ಬ.

ಆಚೆ ದಂಡೆಯಲ್ಲಿ ಹೊಸ ಗೋಡೆ ಏಳುತ್ತಿದೆ.
ಒಂದೊಂದು ಇಟ್ಟಿಗೆಯ ಮೇಲೂ ಅರಸನ ಹೆಸರಿನ ಮುದ್ರೆ,
ಹಸಿಯಿರುವಾಗಲೇ ಒತ್ತಿ ಸುಟ್ಟದ್ದು.
ಎಣಿಸಲು ಹೋದೆ, ನೂರರಾಚೆ ಕಣ್ಣು ಮಂಜಾಯಿತು.

ತೊಡೆಯ ಮೇಲೆ ಮೊಮ್ಮಗಳು,
ಮೂರು ಹಲ್ಲು.
ಸೌತೆಕಾಯಿಯ ತೊಟ್ಟಿನ ತುದಿ ಬಾಯಿಗಿಟ್ಟೆ.
ಒಂದು ಕ್ಷಣ ಯೋಚಿಸಿತು ಕೂಸು,
ಹುಬ್ಬು ಗಂಟಿಕ್ಕಿತು.

ಉಗಿಯಿತು.