ಯಾವ ಮನೆಯವರು

ಗ್ಯುಮ್ರಿಯಲ್ಲಿ ಚದುರಂಗದ ಮೂಲೆ ಆನೆಯದಲ್ಲ.
ಮೂಲೆ ದೋಣಿಯದು. ನಾವಕ್ ಅನ್ನುತ್ತೇವೆ.
ಕಡಲೇ ಇಲ್ಲದ ದೇಶಕ್ಕೆ ಬದಿಗೆರಡು ದೋಣಿ,
ಯಾವ ದೊರೆ ಕೊಟ್ಟನೋ, ಯಾವ ಹೊಳೆಯ ನಂಬಿ.

ಅಲ್ಲಿಂದ ಶುರುವಾಯಿತು.
ಒಣನೆಲದಲ್ಲಿ ದೋಣಿ ಹೇಗೆ ಓಡುತ್ತೆ ಅಕ್ಕಾ, ಅಂದ ಮ್ಹೆರ್.
ಕಪ್ಪು ಮನೆಗಳೆಲ್ಲ ನೀರು ಅಂದೆ.
ಬಿಳಿ ಮನೆ ಬಂದರೆ ಅಂಬಿಗರು ಇಳಿದು
ದೋಣಿ ಹೊತ್ತು ನಡೆಯಬೇಕು. ಒಂದು ಸರದಿ ದಂಡ.
ಬರೆದುಕೋ, ಅಂದ. ಬರೆದುಕೊಂಡೆ.

ನವೆಂಬರ್ ಮುಗಿಯುವಾಗ ಮೂರು ದಂಡು ಸಿದ್ಧ.

ಊರ ಗೋಡೆಗಳ ಕಪ್ಪು ಕಲ್ಲಿನದೊಂದು:
ಹಿಂದೆ ಸರಿಯದು, ಬಿದ್ದರೆ ಬಿದ್ದಲ್ಲೇ
ದಾರಿಗಡ್ಡ, ಶತ್ರುವಿಗೂ ತನ್ನವರಿಗೂ.

ಏಪ್ರಿಕಾಟ್ ವಾಟೆಯದೊಂದು:
ಸತ್ತ ಕಾಲಾಳು ಮೂರು ಸರದಿಗೆ ಮೊಳೆತು ಬರುತ್ತಾನೆ,
ಯಾರ ಪಾಳಯದಲ್ಲಿ ಎಂಬುದನ್ನು ಮಾತ್ರ ದಾಳ ಹೇಳಬೇಕು.

ಇನ್ನೊಂದು ಹೊಲಿಗೆಯ ಡಬ್ಬಿಯಿಂದ ಎದ್ದು ಬಂದದ್ದು.
ಅಂಗುಸ್ತಾನವೇ ರಾಣಿ. ಸೂಜಿ ಕುದುರೆ
ಎರಡೂವರೆ ಮನೆ ನೆಗೆಯುವಾಗ ದಾರ ಎಳೆದುಕೊಂಡೇ ನೆಗೆಯುತ್ತೆ,
ದಾರ ತುಳಿದವನು ಸೆರೆ.

ಕಾಯಿಯ ಬಾಯಿಂದಲೇ ಮಾತಾಡಬೇಕೆಂಬುದು ಕಟ್ಟಳೆ.
ಪಕ್ಕದ ಮನೆಯ ಅರುಸ್ಯಾಕ್ ಕುದುರೆಯಾಗಿ
ವಾರವಿಡೀ ಕೆನೆದಳು, ಶಾಲೆಯಲ್ಲೂ.

ತಾತ ವರಾಜ್ದಾತ್ ನಿಜವಾದ ಚದುರಂಗದವನು.
ಒಲೆಯ ಪಕ್ಕ ಕೂತು ಗೊಣಗುತ್ತಿದ್ದ:
ಇದ್ದ ಆರು ಜಾತಿಯ ಕಾಯಿ ಸಾಲದೇ ನಿಮಗೆ?

ಡಿಸೆಂಬರಿನ ಒಂದು ಸಂಜೆ ಕರೆಂಟು ಹೋಯಿತು.
ಮೇಣದಬತ್ತಿ ತಂದವನು ತಾನೂ ಕೂತ.
ನನ್ನದೊಂದು ದಂಡು, ಅಂದ.
ಏಳು ಕಾಲಾಳು ಇಟ್ಟ. ನಾಲ್ಕನೆಯ ಮನೆ ಖಾಲಿ.
ಹಿಂದಿನ ಸಾಲಿನಲ್ಲಿ ಯಾರೂ ಇಲ್ಲ.

ರಾಜ?
ಇಲ್ಲ.
ಮತ್ತೆ ಶಹ ಕೊಡೋದು ಯಾರಿಗೆ?
ಅದು ನಿಮ್ಮ ತಲೆನೋವು.

ಇವಳು ರೊಟ್ಟಿಯಂಗಡಿಯ ಸಿರಾನುಷ್, ತೂಕದಲ್ಲಿ ಮೋಸ.
ಇವರಿಬ್ಬರೂ ಕಾಲುಚೀಲದ ಗಿರಣಿಯವರು.
ಇವನು ಬಸ್ ಕಂಡಕ್ಟರ್, ನನಗೆ ಮೂರು ರೂಬಲ್ ಬಾಕಿ.
ಉಳಿದವರ ಹೆಸರು ಹೇಳುವಾಗ ಕೆಮ್ಮು ಬಂತು.
ಖಾಲಿ ಮನೆ ಯಾರದು ತಾತ?
ಬರ್ತಾಳೆ, ತಡವಾಗುತ್ತೆ.

ಅವರು ಯಾರನ್ನೂ ಕಡಿಯುವುದಿಲ್ಲ. ಎದುರು ಬಂದವರನ್ನು
ಒಂದೇ ಮಾತು ಕೇಳುತ್ತಾರೆ, ಉತ್ತರಿಸುವ ತನಕ ಕದಲುವಂತಿಲ್ಲ.
ನನ್ನ ರಾಣಿ ಠೀವಿಯಿಂದ ನಡೆದಳು.
ಸಿರಾನುಷ್ ಕೇಳಿದಳು, ತಾತನ ಗಂಟಲಲ್ಲಿ:
ಯಾವ ಮನೆಯವಳಮ್ಮಾ ನೀನು?
ಡಿ ನಾಲ್ಕು, ಅಂದೆ.
ತಾತ ಎಷ್ಟು ನಕ್ಕನೆಂದರೆ ಬತ್ತಿ ಆರಿಹೋಯಿತು.

ಕತ್ತಲಲ್ಲಿ ಕಡ್ಡಿಪೆಟ್ಟಿಗೆ ತಡಕುತ್ತ ಯೋಚಿಸಿದೆ.
ಅವಳಿಗೆ ನೆಗೆತ ಕೊಟ್ಟೆವು, ನಂಜು ಕೊಟ್ಟೆವು,
ಒಂದು ಬೀದಿ ಕೊಡಲಿಲ್ಲ.
ಹೊಸ ಹಾಳೆ ತಿರುವಿದೆವು. ಮೊದಲ ಕಲ್ಲಿನ ಕಾಲಾಳು:
ಯಾರ ಮಗ, ಬಾಗಿಲ ಬಣ್ಣವೇನು,
ಬರುವಾಗ ಒಲೆಯ ಮೇಲೆ ಏನು ಬಿಟ್ಟು ಬಂದ.
ಹದಿನಾರು ಜನ ಮುಗಿಯಲು ಮಾರ್ಚ್ ಆಯಿತು,
ಯುದ್ಧ ಹಿಂದುಳಿಯಿತು.

ಆ ರಾತ್ರಿ ಮಾತ್ರ, ಬತ್ತಿ ಮತ್ತೆ ಹತ್ತಿದಾಗ,
ಮ್ಹೆರ್ ಹಲಗೆಯ ಮೇಲೆ ಬಗ್ಗಿ ಖಾಲಿ ಮನೆ ನೋಡಿದ.
ಕಪ್ಪು ಇದೆ ತಾತ. ನೀರು. ದೋಣಿ ಹೋಗುತ್ತೆ.

ಆಡು ಅಂತ ಹೇಳಲು ತಾತ
ಬಹಳ ಹೊತ್ತು ತೆಗೆದುಕೊಂಡ.